ಕುರ್ಚಿ ಇಲ್ಲದ ವಾರ್ಡು

ವಾರ್ಡಿನಿಂದ ಕುರ್ಚಿಗಳನ್ನು ಎತ್ತಿಸಿದ್ದು ಒಂದು ಸೋಮವಾರ. ನರ್ಸ್ ಸಂಘಮಿತ್ರಾ ಡ್ಯೂಟಿಗೆ ಬಂದಾಗ ಕಾವಲುಗಾರ ಗುಡುಸಾಬ ಎರಡು ಕುರ್ಚಿಗಳನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದ.

"ಎಲ್ಲಿಗಿ ಕಾಕಾ?" ಎಂದಳು.

"ಮಾಳಗಿ ಮ್ಯಾಲಿನ ಖೋಲಿಗವ್ವಾ. ಸಾಹೇಬ್ರ ಹುಕುಂ. ಇನ್ನ ನರ್ಸ್ ಮಂದಿ ಕುಂದ್ರಬಾರದಂತ."

ಅವನು ಮುಖ ಕೊಟ್ಟು ಮಾತಾಡಲಿಲ್ಲ. ಕುರ್ಚಿಯ ಕಾಲು ಗೋಡೆಗೆ ತಾಗಿ ಸುಣ್ಣ ಉದುರಿತು.

ಆಸ್ಪತ್ರೆ ದೌಲತರಾಯನದು. ಜೇವರ್ಗಿಯ ಹೊರಗೆ, ದೊಡ್ಡ ರಸ್ತೆಗೆ ಹೊಂದಿಕೊಂಡು ಮೂರು ಅಂತಸ್ತು. ಅವನು ಡಾಕ್ಟರ್ ಅಲ್ಲ. ಮೊದಲು ಕಲ್ಲಿನ ಕ್ವಾರಿ ಮಾಡಿದ, ಆಮೇಲೆ ಪೆಟ್ರೋಲ್ ಬಂಕು, ಆಮೇಲೆ ಆಸ್ಪತ್ರೆ. ಡಾಕ್ಟರುಗಳು ಕಲಬುರಗಿಯಿಂದ ಬಂದು ಹೋಗುತ್ತಿದ್ದರು. ಇರುತ್ತಿದ್ದವರು ನರ್ಸುಗಳು. ಅವನು ವಾರ್ಡಿಗೆಲ್ಲ ಕ್ಯಾಮೆರಾ ಹಾಕಿಸಿ ಮನೆಯಲ್ಲಿ ಕೂತು ಮೊಬೈಲಿನಲ್ಲಿ ನೋಡುತ್ತಿದ್ದ. ಹಾಗೆ ನೋಡುವಾಗ ಒಬ್ಬ ನರ್ಸ್ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ್ದು ಕಂಡಿತು. ಅಷ್ಟೇ ಸಾಕಾಯಿತು.

"ನರ್ಸ್ ಕುಂತ್ರ ಪೇಶೆಂಟ್ ಮಂದಿ ಏನಂತಾರ? ಕುಂದ್ರಾಕ ಪಗಾರ ಕೊಡಂಗಿಲ್ಲ ನಾ," ಎಂದು ಇನ್‌ಚಾರ್ಜ್ ಸಿಸ್ಟರ್ ಅನುರಾಧಾಗೆ ಫೋನಿನಲ್ಲಿ ಹೇಳಿದ.

ಅನುರಾಧಾಗೆ ವಯಸ್ಸಾಗಿತ್ತು. ಎರಡೂ ಮೊಣಕಾಲು ಸವೆದಿದ್ದವು. ಗೋಡೆ ಹಿಡಿದು ನಿಂತು, "ಹೌದ್ರಿ ಸಾಹೇಬ್ರ" ಎಂದಳು.

ಬೆಳಿಗ್ಗೆ ಬಂದವರು ಹೊತ್ತು ಮುಳುಗಿದ ಮೇಲೆ ಹೋಗಬೇಕು. ನಿಂತು ಸಲೈನ್ ಹಚ್ಚಬೇಕು. ನಿಂತು ಬರೆಯಬೇಕು. ನಿಂತು ಉಣ್ಣಬೇಕು. ಮಲ ಎತ್ತಬೇಕು, ವಾಂತಿ ಒರೆಸಬೇಕು, ಸತ್ತವರ ಬಾಯಿ ಮುಚ್ಚಿ ಗದ್ದಕ್ಕೆ ಬಟ್ಟೆ ಕಟ್ಟಬೇಕು. ಮಧ್ಯಾಹ್ನದ ಹೊತ್ತಿಗೆ ಪಾದ ಬೂಟಿನಲ್ಲಿ ಹಿಡಿಸುತ್ತಿರಲಿಲ್ಲ. ಸಂಘಮಿತ್ರಾಳ ಮೀನಖಂಡದಲ್ಲಿ ನರಗಳು ಎರೆಹುಳದಂತೆ ಗಂಟು ಕಟ್ಟಿದ್ದವು. ನರ್ಸುಗಳಿಗೆ ಬೇರೆ ಸಂಡಾಸು ಇರಲಿಲ್ಲ. ರೋಗಿಗಳ ಸಂಡಾಸಿಗೆ ಚಿಲಕ ಇರಲಿಲ್ಲ. ಅದಕ್ಕೇ ಯಾರೂ ನೀರು ಕುಡಿಯುತ್ತಿರಲಿಲ್ಲ. ಜೇವರ್ಗಿಯ ಬಿಸಿಲಿನಲ್ಲಿ, ನೀರು ಕುಡೀರಿ ನೀರು ಕುಡೀರಿ ಎಂದು ರೋಗಿಗಳಿಗೆ ಹೇಳುತ್ತ ತಾವು ಒಣಗಿದ ತುಟಿ ಸವರಿಕೊಳ್ಳುತ್ತಿದ್ದರು. ಉಚ್ಚೆಯಲ್ಲಿ ಉರಿ ಇಲ್ಲದ ನರ್ಸ್ ಆ ಆಸ್ಪತ್ರೆಯಲ್ಲಿ ಒಬ್ಬಳೂ ಇರಲಿಲ್ಲ.

ಸಂಘಮಿತ್ರಾ ಕೊಳಕೂರದವಳು. ಕೇರಿಯಿಂದ ನರ್ಸಿಂಗ್ ಓದಿದ ಮೊದಲ ಹುಡುಗಿ. ಅಪ್ಪ ಮಹಾದೇವಪ್ಪ ಬೌದ್ಧನಾದ ವರ್ಷವೇ ಹುಟ್ಟಿದ ಮಗಳು. ಹುಡುಕಿ ಈ ಹೆಸರಿಟ್ಟು, ಎಲ್ಲರೂ ಪೂರ್ತಿ ಕರೆಯಬೇಕು ಎಂದು ಹಟ ಹಿಡಿದಿದ್ದ. ಕೇರಿಯಲ್ಲಿ ಅರ್ಧ ಹೆಸರು ಕೂಗಿದವರನ್ನು ನಿಲ್ಲಿಸಿ ತಿದ್ದುತ್ತಿದ್ದ. ಅವನು ಸತ್ತು ಬಹಳ ಕಾಲವಾಗಿತ್ತು. ಆಸ್ಪತ್ರೆಯಲ್ಲಿ ಆ ಹೆಸರನ್ನು ಯಾರೂ ಕರೆಯಲಿಲ್ಲ. ಸೇರಿದ ದಿನವೇ ದೌಲತರಾಯ ಕೇಳಿದ್ದ.

"ಯಾವೂರು?"

"ಕೊಳಕೂರ್ರಿ."

"ಯಾರ ಪೈಕಿ?"

ಅವಳು ಹೇಳಿದಳು. ಅವನು ನಕ್ಕ.

"ಹಂಗಾದ್ರ ಊರಿನ ಹೆಸರು ಬರಾಬರಿ ಅದ."

ಅವತ್ತಿನಿಂದ ಅವಳು 'ಏ ಕೊಳಕಿ' ಆದಳು. ಮೇಲಂತಸ್ತಿನ ಸ್ಪೆಷಲ್ ಕೋಣೆಗಳಿಗೆ ಅವಳನ್ನು ಹಾಕುತ್ತಿರಲಿಲ್ಲ. "ಮ್ಯಾಲ ದೊಡ್ಡ ಮಂದಿ ಇರ್ತಾರವ್ವಾ. ಇಂಜೆಕ್ಷನ್ ಮಾಡಾಕಿ ಯಾರಕಿ ಅಂತ ಕೇಳ್ತಾರ," ಎಂದು ಅನುರಾಧಾ ದನಿ ತಗ್ಗಿಸಿ ಹೇಳಿದ್ದಳು. ಹೆಣ ಒರೆಸುವಾಗ ಯಾರಕಿ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಕೆಲಸ ಅವಳಿಗೇ ಬರುತ್ತಿತ್ತು.

ಬಿಟ್ಟು ಹೋಗಬಹುದಿತ್ತಲ್ಲ ಎಂದು ಹೊರಗಿನವರು ಕೇಳುತ್ತಾರೆ. ಹೇಗೆ ಹೋಗುವುದು? ಸೇರುವಾಗಲೇ ಅಂಕಪಟ್ಟಿ, ನರ್ಸಿಂಗ್ ಸರ್ಟಿಫಿಕೇಟು, ನೋಂದಣಿ, ಎಲ್ಲದರ ಅಸಲು ಪ್ರತಿ ಇಸಿದುಕೊಂಡು ದೌಲತರಾಯ ತನ್ನ ಕೋಣೆಯ ಕಬ್ಬಿಣದ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದ. ಎಲ್ಲ ನರ್ಸುಗಳದೂ ಅಲ್ಲೇ ಇತ್ತು. ಕರಾರು ಮುಗಿದ ಮೇಲೆ ಕೇಳಿದರೆ ಹೊಸ ಕರಾರಿಗೆ ಸಹಿ ಹಾಕು ಎಂದ. ಒಮ್ಮೆ ಸರ್ಕಾರಿ ನೌಕರಿಗೆ ಅವಳ ಹೆಸರು ಬಂದಿತ್ತು. ತಪಾಸಣೆಗೆ ಅಸಲು ಒಯ್ಯಬೇಕಿತ್ತು. ಒಂದು ದಿನದ ಮಟ್ಟಿಗೆ ಕೊಡಿ ಎಂದು ಬೇಡಲು ಬೆಳಗಿನಿಂದ ಅವನ ಕೋಣೆಯ ಹೊರಗೆ ನಿಂತಳು. ಸಂಜೆಗೆ ಗೊತ್ತಾಯಿತು, ಅವನು ಹಿಂದಿನ ಬಾಗಿಲಿನಿಂದ ಯಾವಾಗಲೋ ಹೋಗಿದ್ದ. ನೌಕರಿ ಬೇರೆಯವರಿಗೆ ಹೋಯಿತು. ಮರುದಿನ ಅವಳು ವಾರ್ಡಿಗೆ ಬಂದು ಸಲೈನ್ ಹಚ್ಚಿದಳು. ಸೂಜಿ ಸರಿಯಾಗಿ ನರಕ್ಕೆ ಹೋಯಿತು. ಅವಳಿಗೆ ಅದೇ ಹೆದರಿಕೆ ಹುಟ್ಟಿಸಿತು. ತನಗೆ ಏನೂ ಅನ್ನಿಸುತ್ತಿಲ್ಲವಲ್ಲ ಎಂದು.

ಭಾಗ್ಯಾ ಸೇರಿದ್ದು ಆಮೇಲೆ. ಚೌಡಾಪುರದ ಸೊಸೆ. ಗಂಡ ಸೈದಪ್ಪ ಟಂಟಂ ರಿಕ್ಷಾ ಓಡಿಸುತ್ತಿದ್ದ. ಜೇವರ್ಗಿಯಲ್ಲಿ ಒಂದು ಖೋಲಿ ಹಿಡಿದು ಇದ್ದರು. ಎರಡು ವರ್ಷ ಬಸಿರಾಗುವುದಿಲ್ಲ ಎಂದು ಕರಾರಿನಲ್ಲಿ ಅವಳಿಂದ ಬರೆಸಿಕೊಂಡಿದ್ದರು. ಬಸಿರಾದಳು. ಸಂಘಮಿತ್ರಾಳಿಗೆ ಮೊದಲು ತಿಳಿಯಿತು. ರೋಗಿಯ ವಾಂತಿಗೆ ಟ್ರೇ ಹಿಡಿದು ನಿಂತವಳು ತಾನೇ ಬಾಯಿ ಮುಚ್ಚಿಕೊಂಡು ಓಡಿದಾಗ.

"ಅಕ್ಕಾ, ಯಾರಿಗೂ ಹೇಳಬ್ಯಾಡ. ದೊಡ್ಡ ಕೋಟ್ ಹಾಕೋತೇನಿ."

"ಎಷ್ಟ ದಿನ ಮುಚ್ಚತಿ? ಹೊಟ್ಟಿ ಬೇ ಅದು."

"ಆದಷ್ಟು ದಿನ."

ಆರನೆಯ ತಿಂಗಳಿಗೆ ಕ್ಯಾಮೆರಾಕ್ಕೂ ಕಂಡಿತು. ದೌಲತರಾಯ ಅವಳನ್ನು ತೆಗೆಯಲಿಲ್ಲ. ತೆಗೆದರೆ ಅವಳ ಕಾಗದ ವಾಪಸು ಕೊಡಬೇಕಾಗುತ್ತಿತ್ತು. ಅವಳೇ ತಾನಾಗಿ ಬಿಟ್ಟರೆ ಕರಾರಿನಂತೆ ದಂಡ ಕಟ್ಟಬೇಕು. ಅವಳು ಬಿಡಲಿ ಎಂದು ಕಾದ. ಕೆಳಗಿನ ವಾರ್ಡಿನ ಜೊತೆಗೆ ಮೇಲಿನ ವಾರ್ಡನ್ನೂ ಅವಳಿಗೇ ಹಚ್ಚಿದ. ಲಿಫ್ಟು ನರ್ಸುಗಳಿಗಲ್ಲ. ಒಂದು ಕೈಯಲ್ಲಿ ಔಷಧದ ಟ್ರೇ, ಇನ್ನೊಂದು ಕೈಯಲ್ಲಿ ಗೋಡೆ. ಭಾಗ್ಯಾ ಹತ್ತುತ್ತಿದ್ದಳು, ಇಳಿಯುತ್ತಿದ್ದಳು. ಸಂಘಮಿತ್ರಾ ಒಮ್ಮೆ ಅವಳನ್ನು ಖಾಲಿ ಮಂಚದ ಮೇಲೆ ಕೂರಿಸಿದಳು. ಕೂತು ಉಸಿರು ಬಿಡುವಷ್ಟರಲ್ಲಿ ಅನುರಾಧಾಳ ಫೋನು ಬಡಿಯಿತು.

"ಏಳು ಭಾಗ್ಯಾ, ಏಳವ್ವಾ. ನೋಡಾಕತ್ತಾರ." ಅನುರಾಧಾ ಕ್ಯಾಮೆರಾಕ್ಕೆ ಬೆನ್ನು ಮಾಡಿ ಹೇಳಿದಳು.

"ನಿಮಗ ಮೊಣಕಾಲು ನೋಯಂಗಿಲ್ಲೇನ್ರಿ ಮೇಡಂ?" ಸಂಘಮಿತ್ರಾ ಸಿಟ್ಟಿನಿಂದ ಕೇಳಿದಳು.

"ಮಗಳು ಕಡಗಂಚಿ ಯುನಿವರ್ಸಿಟ್ಯಾಗ ಓದಾಕತ್ತಾಳ. ಅಕಿ ಓದು ಮುಗಿಯೋತನಕ ನನಗ ಮೊಣಕಾಲಿಲ್ಲ."

ಚಳಿಗಾಲ ಬಂತು. ನರ್ಸುಗಳ ಮುಖದಲ್ಲಿ ನಗುವಿಲ್ಲ ಎಂದು ಸ್ಪೆಷಲ್ ಕೋಣೆಯವರು ದೂರಿದರು. ಇಬ್ಬರು ನರ್ಸುಗಳು ಹೇಳದೆ ಕೇಳದೆ ಕೆಲಸ ಬಿಟ್ಟರು, ಕಾಗದಗಳನ್ನೂ ಬಿಟ್ಟು. ದೌಲತರಾಯ ಯೋಚಿಸಿದ. ನಗರದಿಂದ ಒಬ್ಬ ಭಾಷಣಕಾರನನ್ನು ಕರೆಸಿದ. ಕೆಳಗಿನ ಹಾಲಿನಲ್ಲಿ ಬ್ಯಾನರು ಕಟ್ಟಿದರು. 'ಕೆಲಸದಲ್ಲಿ ಖುಷಿ, ಸೇವೆಯಲ್ಲಿ ಸ್ಫೂರ್ತಿ.' ರಾತ್ರಿ ಪಾಳಿ ಮುಗಿಸಿದವರೂ ಮನೆಗೆ ಹೋಗಬಾರದು ಎಂದಾಯಿತು.

ಗುಡುಸಾಬ ಮಾಳಿಗೆಯಿಂದ ಕುರ್ಚಿಗಳನ್ನು ಇಳಿಸಿದ. ನರ್ಸುಗಳ ಮುಖ ಅರಳಿತು. ಆದರೆ ಕುರ್ಚಿಗಳು ಮುಂದಿನ ಸಾಲಿಗೆ ಹೋದವು. ಅವುಗಳಲ್ಲಿ ದೌಲತರಾಯ, ಅವನ ನೆಂಟರು, ಔಷಧ ಕಂಪನಿಯವರು ಕೂತರು. ಸ್ಫೂರ್ತಿ ಬೇಕಾದವರು ಗೋಡೆಗೆ ಹತ್ತಿ ನಿಂತರು. ಭಾಗ್ಯಾಗೆ ಆಗ ಏಳು ತಿಂಗಳು.

ಭಾಷಣಕಾರನ ಬೂಟು ಹೊಳೆಯುತ್ತಿತ್ತು.

"ಒತ್ತಡ ಅನ್ನುವುದು ಹೊರಗೆ ಎಲ್ಲೂ ಇಲ್ಲ ಸಿಸ್ಟರ್. ಅದು ನಿಮ್ಮ ತಲೆಯೊಳಗಿದೆ. ದಣಿವು ಅನ್ನುವುದು ಒಂದು ಯೋಚನೆ. ಯೋಚನೆ ಬದಲಿಸಿ. ಎಲ್ಲರೂ ಕೈ ಮೇಲೆತ್ತಿ. ಈಗ ನಗಿ. ಹೊಟ್ಟೆಯಿಂದ ನಗಿ."

ನರ್ಸುಗಳು ಕೈ ಎತ್ತಿದರು. ಹಾ ಹಾ ಎಂದರು. ಸಾಲದು, ಇನ್ನೂ ಜೋರು ಎಂದ. ಇನ್ನೂ ಜೋರಾಗಿ ಹಾ ಹಾ ಎಂದರು. ರಾತ್ರಿಯಿಡೀ ನಿಂತ ಒಬ್ಬಳು ನಗುತ್ತ ನಗುತ್ತ ಅಳತೊಡಗಿದಳು. ಅವನಿಗೆ ಅದು ಗೊತ್ತಾಗಲಿಲ್ಲ.

ಭಾಗ್ಯಾ ಸಂಘಮಿತ್ರಾಳ ತೋಳು ಹಿಡಿದಳು. ಕೈ ತಣ್ಣಗಿತ್ತು.

"ಅಕ್ಕಾ, ಕೆಳಗ ಎಳದಂಗ ಆಗಾಕತ್ತದ."

ಸಂಘಮಿತ್ರಾ ಅನುರಾಧಾಳ ಕಿವಿಯಲ್ಲಿ ಹೇಳಿದಳು. ಅನುರಾಧಾ ಬಗ್ಗಿ ಹೋಗಿ ದೌಲತರಾಯನ ಕಿವಿಯಲ್ಲಿ ಹೇಳಿದಳು. ಅವನು ತಿರುಗಿ ಸಹ ನೋಡಲಿಲ್ಲ. "ಫೋಟೋ ಆಗ್ಲಿ," ಎಂದ.

ಆಗ ಭಾಗ್ಯಾ ತಾನೇ ಮಾತಾಡಿದಳು. ಯಾವತ್ತೂ ದನಿ ಏರಿಸಿದವಳಲ್ಲ. ಹಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು.

"ಸಾಹೇಬ್ರ, ಒಂದು ಕುರ್ಚಿ ಕೊಡ್ರಿ. ನಿಂದ್ರಾಕ ಆಗವಲ್ದು."

ಅವನು ಈಗ ತಿರುಗಿದ. "ಬಸರಾಗಂಗಿಲ್ಲ ಅಂತ ಬರಕೊಟ್ಟಾಕಿ ನೀನು. ಗಂಡನ ಮಗ್ಗಲಾಗ ಮಲಗೂಮುಂದ ಅದು ನೆನಪಿರಲಿಲ್ಲೇನು? ನಿಂದ್ರು."

ಮುಂದಿನ ಸಾಲಿನಲ್ಲಿ ಇಬ್ಬರು ನಕ್ಕರು. ಇದು ಹೊಟ್ಟೆಯಿಂದ ಬಂದ ನಗು.

ಫೋಟೋಕ್ಕೆ ನರ್ಸುಗಳನ್ನು ಎರಡು ಸಾಲಿನಲ್ಲಿ ನಿಲ್ಲಿಸಿದರು. ಫೋಟೋದವನು "ನಗ್ರಿ, ನಗ್ರಿ" ಎಂದ. ಸಂಘಮಿತ್ರಾ ಕೆಳಗೆ ನೋಡಿದಳು. ಭಾಗ್ಯಾಳ ಬಿಳಿ ಬೂಟಿನೊಳಕ್ಕೆ ರಕ್ತ ಇಳಿಯುತ್ತಿತ್ತು.

ಅವಳು ಸಾಲು ಬಿಟ್ಟು ಹೊರಗೆ ಬಂದಳು. ಮುಂದಿನ ಸಾಲಿನ ಮೊದಲನೆಯವನ ಎದುರು ನಿಂತಳು.

"ಏಳ್ರಿ," ಎಂದಳು.

ಬೇಡಿಕೊಳ್ಳಲಿಲ್ಲ. ಆ ಮನುಷ್ಯ ಗಾಬರಿಯಲ್ಲಿ ಎದ್ದ. ಅವಳು ಕುರ್ಚಿ ಎಳೆದು ತಂದು ಭಾಗ್ಯಾಳನ್ನು ಕೂರಿಸಿದಳು. ಆದರೆ ಅಷ್ಟರಲ್ಲಿ ಕೂರುವುದರಿಂದ ಆಗುವಂಥದ್ದು ಏನೂ ಉಳಿದಿರಲಿಲ್ಲ.

ಡಾಕ್ಟರ್ ಆ ದಿನ ಬಂದಿರಲಿಲ್ಲ. ಹೆರಿಗೆ ಕೋಣೆಯಲ್ಲಿ ಸಂಘಮಿತ್ರಾ, ಅನುರಾಧಾ ಇಬ್ಬರೇ. ಅನುರಾಧಾ ಭಾಗ್ಯಾಳ ತಲೆ ಸವರುತ್ತ, "ತಡಿಯವ್ವಾ, ತಡಿ ನನ್ನವ್ವಾ" ಎನ್ನುತ್ತಲೇ ಇದ್ದಳು. ಹೆಣ್ಣು ಕೂಸು ಹುಟ್ಟಿತು. ಅಂಗೈಯಲ್ಲಿ ಹಿಡಿಸುವಷ್ಟು. ಉಸಿರಾಡುತ್ತಿತ್ತು. ಅಷ್ಟು ಸಣ್ಣ ಕೂಸನ್ನು ಬೆಚ್ಚಗೆ ಇಡುವ ಗಾಜಿನ ಪೆಟ್ಟಿಗೆ ಆ ಮೂರಂತಸ್ತಿನಲ್ಲಿ ಇರಲಿಲ್ಲ. ಭಾಗ್ಯಾಳನ್ನು ಅನುರಾಧಾಳ ಕೈಗೆ ಬಿಟ್ಟು ಸಂಘಮಿತ್ರಾ ಕೂಸನ್ನು ಎದೆಯ ಬರಿಮೈಗೆ ಒತ್ತಿ ಬಟ್ಟೆ ಸುತ್ತಿಕೊಂಡು ಆಂಬ್ಯುಲೆನ್ಸಿನಲ್ಲಿ ಕಲಬುರಗಿಯ ದಾರಿ ಹಿಡಿದಳು. ಅದರ ಎದೆ ತನ್ನ ಎದೆಯ ಮೇಲೆ ಹಕ್ಕಿಮರಿಯಂತೆ ಬಡಿಯುವುದು ತಿಳಿಯುತ್ತಿತ್ತು. ಭೀಮಾ ನದಿಯ ಸೇತುವೆ ದಾಟುವ ಮೊದಲೇ ಅದು ನಿಂತಿತು. ಡ್ರೈವರನಿಗೆ ಅವಳು ಹೇಳಲಿಲ್ಲ. ಹೇಳಿದರೆ ಗಾಡಿ ತಿರುಗಿಸುತ್ತಾನೆ. ಕಲಬುರಗಿಯ ತನಕ ಹಾಗೇ ಒತ್ತಿ ಹಿಡಿದುಕೊಂಡು ಹೋದಳು.

ಮರುದಿನ ದೌಲತರಾಯ ಅವಳನ್ನು ಕೋಣೆಗೆ ಕರೆಸಿದ. ಬಾಗಿಲು ಮುಂದಕ್ಕೆ ಮಾಡಿಸಿದ. ದನಿ ಮೆತ್ತಗಿತ್ತು.

"ಸೈದಪ್ಪ ಬರಾಕತ್ತಾನ. ಸಿಟ್ಟಿನಾಗಿದ್ದಾನ. ಭಾಗ್ಯಾ ಮನಿಯಿಂದನ ಹೊಟ್ಟಿನೋವು ಇಟಗೊಂಡು ಬಂದಿದ್ಲು, ಮನಿಗಿ ಹೋಗು ಅಂದ್ರೂ ಹೋಗಲಿಲ್ಲ ಅಂತ ಹೇಳಬೇಕು. ನೀ ಹೇಳಿದ್ರ ನಂಬತಾನ."

ಅವನು ಕಪಾಟು ತೆರೆದ. ಹುಡುಕಿ ಒಂದು ಕಡತ ತೆಗೆದು ಮೇಜಿನ ಮೇಲಿಟ್ಟ. ಮೇಲಿನ ಹಾಳೆಯಲ್ಲಿ ಅವಳ ಹೆಸರು ಪೂರ್ತಿ ಇತ್ತು. ಸಂಘಮಿತ್ರಾ ಮಹಾದೇವಪ್ಪ.

"ಎರಡು ಮಾತು ಹೇಳಿ ಮುಗಸು. ಇದು ತಗೊಂಡು ನಡಿ. ಎಲ್ಲಿ ಬೇಕಾದ್ರೂ ನೌಕರಿ ಮಾಡು."

ಅವಳು ಕಡತ ನೋಡಿದಳು. ಕೈ ಚಾಚಿದರೆ ಸಿಗುವಷ್ಟು ದೂರ. ಇಷ್ಟು ವರ್ಷ ಅದನ್ನು ಕನಸಿನಲ್ಲಿ ಕಂಡಿದ್ದಳು. ಕೈ ತಾನಾಗಿ ಮುಂದೆ ಹೋಯಿತು. ಎದೆಯ ಮೇಲೆ ನಿನ್ನೆಯ ಭಾರ ಇನ್ನೂ ಇತ್ತು. ಕೈ ಹಿಂದಕ್ಕೆ ಬಂತು. ಅವಳು ಅವನ ಎದುರಿನ ಕುರ್ಚಿಯಲ್ಲಿ ಕೂತಳು.

"ಏ ಕೊಳಕಿ, ಏಳು ಮ್ಯಾಲ. ಯಾರ ಮುಂದ ಕುಂತೀ ಗೊತ್ತದೇನು?"

"ಗೊತ್ತದ. ನಮ್ಮವ್ವ ನಿಂತಾಳ, ನಮ್ಮಾಯಿ ನಿಂತಾಳ ನಿಮ್ಮಂಥವ್ರ ಅಂಗಳದಾಗ. ಜಿಂದಗಿ ಪೂರ್ತಿ ನಿಂತಾರ. ನಾ ಇನ್ನ ನಿಂದ್ರಂಗಿಲ್ಲ."

"ನಿನ್ನ ಜಿಂದಗಿ ಈ ಕಪಾಟಿನ್ಯಾಗ ಅದ. ನೆನಪಿಟಕೋ."

"ಇರ್ಲಿ. ನನ್ನ ಬಾಯಿ ನನ್ನ ಹತ್ರ ಅದ."

ಬಾಗಿಲು ತಳ್ಳಿಕೊಂಡು ಸೈದಪ್ಪ ಬಂದ. ಕಣ್ಣು ಕೆಂಪಗಿದ್ದವು. ಅವಳು ಕೂತಲ್ಲಿಂದಲೇ ಹೇಳಿದಳು.

"ಸೈದಪ್ಪಣ್ಣಾ, ಭಾಗ್ಯಾ ಕುರ್ಚಿ ಕೇಳಿದ್ಲು. ಇವರು ನಿಂದ್ರು ಅಂದ್ರು. ಹೊಲಸು ಮಾತಂದ್ರು. ಕೂಸು ಉಸಿರಾಡತಿತ್ತು. ಹೆಣ್ಣಿತ್ತು. ನನ್ನ ಎದಿ ಮ್ಯಾಲ ಸತ್ತದ."

ಸೈದಪ್ಪ ಮೇಜು ಹಾರಿ ದೌಲತರಾಯನ ಅಂಗಿ ಹಿಡಿದ. ಗುಡುಸಾಬ ಬಂದು ಬಿಡಿಸಿದ. ಆ ಗದ್ದಲದಲ್ಲಿ ಕಡತ ಮತ್ತೆ ಕಪಾಟು ಸೇರಿತು. ಕೀಲಿ ತಿರುಗಿದ ಸದ್ದು ಸಂಘಮಿತ್ರಾಳಿಗೆ ಕೇಳಿಸಿತು. ಅವತ್ತೇ ಅವಳನ್ನು ಗೇಟಿನ ಹೊರಗೆ ಹಾಕಿದರು.

ಕೊಳಕೂರದಲ್ಲಿ ಅವ್ವ ಅಂಬುಬಾಯಿ ಎಲ್ಲ ಕೇಳಿದಳು. ಅವಳು ಹೊಗಳಲಿಲ್ಲ.

"ಹೋಗಿ ಮಾಫಿ ಕೇಳು ಬೇ. ಕಾಗದ ಇಲ್ಲದ ನೀ ಏನಾಗತಿ? ನನ್ನಂಗ ಹತ್ತಿ ಬಿಡಸಾಕಿ ಆಗತಿ. ಇದಕ್ಕಂತ ನಿಮ್ಮಪ್ಪ ಓದಿಸಿದನು?"

"ಸುಳ್ಳ ಹೇಳಾಕ ಓದಿಸಿದ್ನೇನು ಮತ್ತ?"

ಅಂಬುಬಾಯಿ ಮುಖ ತಿರುಗಿಸಿ ಒಲೆಗೆ ಕಟ್ಟಿಗೆ ತುರುಕಿದಳು.

ಸಂಘಮಿತ್ರಾ ಜೇವರ್ಗಿಯ ಬೇರೆ ಆಸ್ಪತ್ರೆಗಳಿಗೆ ಹೋದಳು, ಅಫಜಲಪುರಕ್ಕೂ ಹೋದಳು. ಎಲ್ಲರೂ ಅಸಲು ಕೇಳಿದರು. ಕೈಯಲ್ಲಿದ್ದ ಜೆರಾಕ್ಸು ನೋಡಿ ವಾಪಸು ಕೊಟ್ಟರು. ಕಲಬುರಗಿಗೆ ಹೋಗಿ ಕಾರ್ಮಿಕ ಇಲಾಖೆಯಲ್ಲಿ ನಡೆದದ್ದನ್ನೆಲ್ಲ ಬರೆದು ಅರ್ಜಿ ಕೊಟ್ಟು ಬಂದಳು. ಮರುದಿನ ಅವ್ವನ ಜೊತೆ ಹತ್ತಿ ಹೊಲಕ್ಕೆ ಇಳಿದಳು. ಒಣಗಿದ ಹತ್ತಿಕಾಯಿಯ ಚೂಪು ತುದಿಗಳು ಬೆರಳು ಸೀಳಿದವು. ನರ ಹುಡುಕುವ ಬೆರಳುಗಳು. ಸಾಲಿನ ಕೊನೆಯಲ್ಲಿ ಅವ್ವ ಅವುಗಳನ್ನು ಹಿಡಿದು ನೋಡಿ ಸೆರಗಿನಿಂದ ಒರೆಸಿದಳು.

ಅಲ್ಲಿಗೇ ಸೈದಪ್ಪ ಬಂದ. ಬದುವಿನ ಮೇಲೆ ನಿಂತು ನೆಲ ನೋಡುತ್ತ ಹೇಳಿದ.

"ಅಕ್ಕಾ, ನಾವು ರಾಜಿ ಆದಿವಿ. ಊರಾಗಿನ ಹಿರ್ಯಾರು ಕುಂದ್ರಿಸಿ ಮಾಡಿದ್ರು. ಭಾಗ್ಯಾಂದು ಕಾಗದ ಕೊಟ್ರು. ಕರಾರು ಹರದು ಹಾಕಿದ್ರು. ನೀನೂ ಅರ್ಜಿ ವಾಪಸ್ ತಗೋ."

"ಭಾಗ್ಯಾ ಏನಂದ್ಲು?"

"ಅಕಿಗಿ ಏನ ಕೇಳೋದು? ಹೋದ ಕೂಸು ಬರತದೇನು?"

ಅವನನ್ನು ಬೈಯಬೇಕೆಂದುಕೊಂಡವಳು ಅವನ ಟಂಟಂ ಹೋಗುವುದನ್ನು ನೋಡುತ್ತ ನಿಂತಳು. ಎಲ್ಲರಿಗೂ ಏನೋ ಒಂದು ಸಿಕ್ಕಿತ್ತು. ಅವಳಿಗೆ ಹತ್ತಿಯ ಚೀಲ ಸಿಕ್ಕಿತ್ತು. ಆದರೂ ಅರ್ಜಿ ವಾಪಸು ತೆಗೆದುಕೊಳ್ಳಲಿಲ್ಲ.

ಇಲಾಖೆಯಿಂದ ಒಬ್ಬ ಮಹಿಳಾ ಇನ್ಸ್‌ಪೆಕ್ಟರ್ ಬಂದರು. ಸಂಘಮಿತ್ರಾಳನ್ನೂ ಕರೆಸಿದ್ದರು. ವಾರ್ಡಿನಲ್ಲಿ ಸಾಲಾಗಿ ಕುರ್ಚಿಗಳಿದ್ದವು, ಒರೆಸಿ ಹೊಳೆಯುತ್ತಿದ್ದವು. ನರ್ಸುಗಳನ್ನು ಸಾಲಿನಲ್ಲಿ ನಿಲ್ಲಿಸಿದ್ದರು. ಅವರ ಹಿಂದೆ ದೌಲತರಾಯ ಕೈಕಟ್ಟಿ ನಿಂತಿದ್ದ.

"ಕೂಡ್ರಲಿಕ್ಕೆ ಕುರ್ಚಿ ಕೊಡ್ತಾರೇನಮ್ಮ?" ಎಂದು ಇನ್ಸ್‌ಪೆಕ್ಟರ್ ಒಬ್ಬೊಬ್ಬರನ್ನೇ ಕೇಳಿದರು.

"ಕೊಡ್ತಾರ್ರಿ."

"ಕೊಡ್ತಾರ್ರಿ ಮೇಡಂ."

ರಾತ್ರಿಯ ದಣಿವಿನಲ್ಲಿ ನಗುತ್ತ ಅತ್ತವಳೂ ಹಾಗೇ ಹೇಳಿದಳು. ಅನುರಾಧಾಳ ಸರದಿ ಬಂತು. ಸಂಘಮಿತ್ರಾ ಅವಳನ್ನೇ ನೋಡುತ್ತಿದ್ದಳು.

"ಮೊದಲಿಂದ ಅದಾವ್ರಿ," ಎಂದಳು ಅನುರಾಧಾ. ನೆಲಕ್ಕೆ ಹೇಳಿದಳು.

ಇನ್ಸ್‌ಪೆಕ್ಟರ್ ಸಂಘಮಿತ್ರಾಳತ್ತ ತಿರುಗಿದರು. "ನಿನ್ನ ಹೊರತು ಯಾರೂ ಹೇಳ್ತಿಲ್ಲವಲ್ಲಮ್ಮ."

ಸಂಘಮಿತ್ರಾ ಹೇಳುವುದನ್ನೆಲ್ಲ ಹೇಳಿಯಾಗಿತ್ತು. ಇವರಲ್ಲಿ ಯಾರನ್ನೂ ಬೈಯಲು ಅವಳಿಗೆ ಮನಸ್ಸು ಬರಲಿಲ್ಲ. ಅವರ ಜಿಂದಗಿಯೂ ಕಪಾಟಿನಲ್ಲಿತ್ತು. ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು.

ಬಾಗಿಲಲ್ಲಿ ಸದ್ದಾಯಿ​ತು. ಗುಡುಸಾಬ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದ. ಭಾಗ್ಯಾ ಒಳಗೆ ಬಂದಳು. ಒಬ್ಬಳೇ ಬಂದಿದ್ದಳು. ತಲೆಗೆ ಬಟ್ಟೆ ಕಟ್ಟಿದ್ದಳು, ಬಾಣಂತಿಯರು ಕಟ್ಟುವಂತೆ. ಕಾಲು ಎಳೆದು ಹಾಕುತ್ತಿದ್ದಳು. ಕುಡಿಯುವ ಕೂಸಿಲ್ಲದ ಹಾಲು ಕಟ್ಟಿ, ಸೋರಿ, ಕುಪ್ಪಸ ಎರಡೂ ಕಡೆ ತೊಯ್ದಿತ್ತು. ಅವಳು ಸೆರಗು ಮುಚ್ಚಿಕೊಳ್ಳಲಿಲ್ಲ. ಎಲ್ಲರೂ ನೋಡಲಿ ಎಂಬಂತೆ ನಿಂತಳು.

ದೌಲತರಾಯ ಮುಂದೆ ಬಂದ. "ಭಾಗ್ಯಾ, ನೀ ಯಾಕ ಬಂದಿ? ನಿನ್ನ ಗಂಡ ರಾಜಿ ಆಗ್ಯಾನ."

"ಆತ ಆಗ್ಯಾನ್ರಿ. ಕೂಸು ನನ್ನ ಹೊಟ್ಟ್ಯಾಗಿತ್ತು."

ಕಪಾಟಿನ ಕೀಲಿ ದೌಲತರಾಯನ ಸೊಂಟದಲ್ಲೇ ಇತ್ತು. ಸಂಘಮಿತ್ರಾಳಿಗೆ ನಾಳೆಯೂ ಹತ್ತಿ ಹೊಲವೇ ಇತ್ತು. ಆದರೆ ಅವಳ ಪಕ್ಕಕ್ಕೆ ಬಂದು ನಿಂತವಳ ಮೈಯಿಂದ ಹಾಲಿನ ವಾಸನೆ ಬರುತ್ತಿತ್ತು. ಅದು ಅಲ್ಲಿ ನಿಂತವರ ಮೂಗಿಗೆಲ್ಲ ಹತ್ತಿತು.

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು.

"ಬರ್ಕೋರಿ ಮೇಡಂ," ಎಂದಳು ಭಾಗ್ಯಾ. "ಅವತ್ತ ನನಗ ಏಳು ತಿಂಗಳಾಗಿತ್ತು."